ಮಾತಾಡಿಸಿಕೊಂಡು ಬರುವುದು

ಸಂಕೋಚ ಬಿಡು ಎಂದು ನನಗೆ ಉಪದೇಶ ಮಾಡಿದವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಆ ಸಾಲು ವೈಯಾಲಿಕಾವಲ್‌ನ ನಮ್ಮ ಮನೆಯಿಂದ ಶುರುವಾಗಿ ಮಲ್ಲೇಶ್ವರದ ಮಾರ್ಕೆಟ್ ದಾಟಿ ಹೋಗುತ್ತದೆ. ಅಷ್ಟು ಜನಕ್ಕೆ ಸಾಲಾಗಿ ನಿಲ್ಲಿ ಎಂದು ಹೇಳುವುದಕ್ಕೂ ನನಗೆ ಸಂಕೋಚ, ಅದು ಬೇರೆ ವಿಷಯ. ಸ್ಕೂಲಿನ ಮೇಷ್ಟ್ರು ಹೇಳಿದರು, ಮಾವನವರು ಹೇಳಿದರು. ಆಫೀಸಿನಲ್ಲಿ ವ್ಯಕ್ತಿತ್ವ ವಿಕಸನದ ತರಬೇತಿ ಕೊಡಲು ಕೋಟು ಹಾಕಿಕೊಂಡು ಬಂದವನೊಬ್ಬ, ದಿನಾ ಕನ್ನಡಿ ಮುಂದೆ ನಿಂತು ನಿಮ್ಮ ಜೊತೆ ನೀವೇ ಮಾತಾಡಿ ಎಂದ. ಮಾಡಿ ನೋಡಿದೆ. ಕನ್ನಡಿಯಲ್ಲಿದ್ದವನೂ ತಲೆ ತಗ್ಗಿಸಿದ.

ಹಾಗಂತ ಯಾರೂ ನನಗಾಗಿ ಮರುಗಬೇಕಿಲ್ಲ. ಸಂಕೋಚವನ್ನು ಬಿಡುವುದು ಕಷ್ಟ, ಇಟ್ಟುಕೊಂಡು ಬಾಳುವುದಕ್ಕೆ ಸ್ವಲ್ಪ ಉಪಾಯ ಗೊತ್ತಿದ್ದರೆ ಸಾಕು. ಮದುವೆ ಮನೆಗೆ ಹೋದರೆ ನಾನು ಮೊದಲು ಹುಡುಕುವುದು ಸಾರಿನ ಬಕೆಟ್ಟನ್ನು. ಬಕೆಟ್ ಹಿಡಿದವನನ್ನು ಯಾರೂ ಏನು ಸಮಾಚಾರ ಎಂದು ಕೇಳುವುದಿಲ್ಲ. ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ 'ಸಾರು, ಸಾರು' ಎಂದುಕೊಂಡು ಹೋದರೆ ಬಂಧುಬಳಗವನ್ನೆಲ್ಲ ಕಂಡ ಹಾಗೂ ಆಯಿತು, ಒಳ್ಳೆಯವನು ಎಂಬ ಹೆಸರೂ ಬಂತು. ಒಂದು ಸಲ ಮಾತ್ರ ಹೆಣ್ಣಿನ ಕಡೆಯವರೊಬ್ಬರು ನನ್ನನ್ನು ಕೇಟರಿಂಗ್‌ನವನೆಂದು ತಿಳಿದು ಅವರ ಮನೆಯ ನಾಮಕರಣಕ್ಕೆ ಎಲೆಗೆ ಎಷ್ಟಾಗುತ್ತದೆ ಎಂದು ಕೇಳಿದರು. ನಾನವನಲ್ಲ ಎನ್ನಲು ಸಂಕೋಚವಾಗಿ ರೇಟು ಹೇಳಿ ಬಂದೆ. ಜಾಸ್ತಿ ಆಯಿತು ಎಂದು ಚೌಕಾಸಿ ಮಾಡಿದಾಗ ಸ್ವಲ್ಪ ಕಡಿಮೆಯನ್ನೂ ಮಾಡಿದೆ.

ಇನ್ನು ಬಾಯಿಬಿಟ್ಟು ಮಾತಾಡಲೇಬೇಕಾದ ಜಾಗಗಳಿಗೆ ಹೆಂಡತಿ ಲಾಸ್ಯಾ ಇದ್ದಾಳೆ. ಹುಟ್ಟು, ಸಾವು, ಮದುವೆ, ಮನೆ ಮಾಲೀಕರು, ಗ್ಯಾಸ್ ಏಜೆನ್ಸಿ ಎಲ್ಲ ಅವಳ ಖಾತೆ. ನಾನು ಅವಳ ಹಿಂದೆ ನಿಂತು, ಅವಳು ಅತ್ತರೆ ಮುಖ ಸಣ್ಣಗೆ ಮಾಡಿ, ನಕ್ಕರೆ ದೊಡ್ಡದು ಮಾಡುತ್ತೇನೆ. ಈ ಏರ್ಪಾಡಿನಲ್ಲಿ ಸಂಸಾರ ಚೆನ್ನಾಗಿಯೇ ಸಾಗಿದೆ.

ಅಷ್ಟಾದರೂ ನಾನೊಬ್ಬನೇ, ಯಾರ ಬೆನ್ನ ಹಿಂದೆಯೂ ನಿಲ್ಲದೆ ಹೋಗುತ್ತಿದ್ದ ಮನೆ ಬೆಂಗಳೂರಿನಲ್ಲಿ ಒಂದಿತ್ತು. ಅದು ಚಾಮರಾಜಪೇಟೆಯ ಮರಿಯಣ್ಣ ಸರ್ ಮನೆ. ನಮ್ಮದು ಸರ್ಕಾರಿ ಕಚೇರಿಯ ರೆಕಾರ್ಡ್ ಸೆಕ್ಷನ್. ಮರಿಯಣ್ಣ ಸರ್ ರಿಟೈರ್ ಆಗುವ ತನಕ ನನ್ನ ಪಕ್ಕದ ಮೇಜಿನಲ್ಲಿದ್ದರು. ಬೆಳಿಗ್ಗೆ ಹಾಜರಿ ಹಾಕುವಾಗ ತೆರೆದ ಅವರ ಬಾಯಿ ಸಂಜೆ ಬೀರುವಿಗೆ ಬೀಗ ಹಾಕುವಾಗ ಮುಚ್ಚುತ್ತಿತ್ತು. ಚಿಕ್ಕ ವಯಸ್ಸಿನಲ್ಲಿ ಗಾಂಧಿನಗರದ ಸಿನಿಮಾ ಹಂಚಿಕೆದಾರರ ಹತ್ತಿರ ಕೆಲಸಕ್ಕಿದ್ದರಂತೆ. ರೀಲಿನ ಡಬ್ಬಿ ಹೊತ್ತುಕೊಂಡು ಬಸ್ಸು ಹತ್ತಿ, ಡಬ್ಬಿಯನ್ನು ಬಸ್ಸಿನಲ್ಲೇ ಮರೆತು ಇಳಿದು, ಒಂದು ಊರಿನ ಜನಕ್ಕೆ ಇಂಟರ್‌ವಲ್ ಆದ ಮೇಲಿನ ಕಥೆಯನ್ನು ತಾವೇ ಪರದೆ ಮುಂದೆ ನಿಂತು ಹೇಳಿದ್ದನ್ನು ನನಗೆ ಎಷ್ಟು ಸಲ ಹೇಳಿದ್ದಾರೋ. ಉಳಿದವರು ಅವರನ್ನು ಕಂಡರೆ ಫೈಲು ಹಿಡಿದು ಓಡುತ್ತಿದ್ದರು. ನನಗೆ ಮಾತ್ರ ಸ್ವರ್ಗ. ಅವರಿಗೆ ಕಿವಿ ಬೇಕಿತ್ತು, ನನ್ನ ಹತ್ತಿರ ಎರಡಿದ್ದವು.

ಅವರು ರಿಟೈರ್ ಆದ ಮೇಲೆ ಎರಡನೇ ಶನಿವಾರಗಳಂದು, ಆಫೀಸಿಗೆ ರಜೆಯಾದ್ದರಿಂದ, ಅವರ ಮನೆಗೆ ಹೋಗತೊಡಗಿದೆ. ಮಕ್ಕಳಿಲ್ಲ, ಮನೆಯಲ್ಲಿ ಇಬ್ಬರೇ; ಬಾಗಿಲು ತೆರೆಯುತ್ತಿದ್ದವರು ಅವರ ಹೆಂಡತಿ ಅಂಜಿನಮ್ಮ. ನಾನು ಅಕ್ಕ ಎನ್ನುತ್ತಿದ್ದೆ. ಎನ್ನುತ್ತಿದ್ದದ್ದು ಅದೊಂದೇ ಮಾತು. ಮೊದಲ ಸಲ ಬರಿಗೈಯಲ್ಲಿ ಹೋಗಿ ಹೊಸ್ತಿಲಲ್ಲಿ ಏನು ಹೇಳಬೇಕೆಂದು ತಿಳಿಯದೆ ಅವರ ಮನೆಯ ಕಾಲೊರಸಿನ ಮೇಲೆ ಚಪ್ಪಲಿ ಇಲ್ಲದ ಕಾಲನ್ನು ಬಹಳ ಹೊತ್ತು ಒರೆಸಿದೆ. ಎರಡನೇ ಸಲ ಬುದ್ಧಿ ಬಂತು. ಬೀದಿ ತಿರುವಿನಲ್ಲಿ ಹೂವಿನ ಗೋದಾ ಕೂರುತ್ತಾಳೆ; ಅವಳ ಹತ್ತಿರ ಎರಡು ಮೊಳ ಮಲ್ಲಿಗೆ ಕೊಂಡು ಹೋಗಿ, ಬಾಗಿಲು ತೆರೆದ ತಕ್ಷಣ ಕೊಟ್ಟುಬಿಟ್ಟೆ. ಅಕ್ಕ ಮುಖ ಅರಳಿಸಿ, ಅಲ್ಲೇ ಮುಡಿದುಕೊಂಡು, ಬಾಪ್ಪ ಎಂದರು. ಮಾತಿನ ಕಾಟವೇ ತಪ್ಪಿತು. ಅಂದಿನಿಂದ ಅದೇ ಪದ್ಧತಿಯಾಯಿತು. ನಾನು ಕೂತು ಮರಿಯಣ್ಣ ಸರ್ ಮಾತು ಕೇಳುತ್ತಿದ್ದೆ, ಅಕ್ಕ ಸ್ವಲ್ಪ ಹೊತ್ತು ಕೂತು, ಹಣೆ ಒತ್ತಿಕೊಳ್ಳುತ್ತಾ ಎದ್ದು, ಅಡುಗೆಮನೆ ಕಿಟಕಿ ತೆಗೆದು ಕಾಫಿಗಿಡುತ್ತಿದ್ದರು. ನೀನ್ಯಾಕೆ ಮಾತಾಡಲ್ಲ ಎಂದು ಆ ಮನೆಯಲ್ಲಿ ಒಬ್ಬರೂ ಒಂದು ದಿನವೂ ಕೇಳಲಿಲ್ಲ. ಆ ಮನೆಯೆಂದರೆ ನನಗೆ ಪ್ರಾಣ.

ಆ ಅಂಜಿನಮ್ಮ ಮೊನ್ನೆ ಬುಧವಾರ ಬೆಳಿಗ್ಗೆ ನೀರು ಹಿಡಿಯುವಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಮಣ್ಣಿಗೆ ಹೋಗಿದ್ದೆ. ಆಫೀಸಿನವರ ಹಿಂದೆ, ಅವರ ಹಿಂದಿನವರ ಹಿಂದೆ ನಿಂತು, ಮರಿಯಣ್ಣ ಸರ್ ಕಣ್ಣಿಗೆ ಬೀಳದೆ ವಾಪಸು ಬಂದೆ. ಆದರೆ ಅಷ್ಟಕ್ಕೆ ಮುಗಿಯುವುದಿಲ್ಲ. ಆಮೇಲೊಂದು ದಿನ ಮನೆಗೆ ಹೋಗಿ ಕೂತು ಬರಬೇಕು. ಅದಕ್ಕೆ ನಮ್ಮ ಜನ ಮಾತಾಡಿಸಿಕೊಂಡು ಬರುವುದು ಎನ್ನುತ್ತಾರೆ. ಸುಮ್ಮನೆ ಕೂತು ಬರುವುದು ಎಂದಿದ್ದರೆ ಅವರಪ್ಪನ ಗಂಟೇನು ಹೋಗುತ್ತಿತ್ತು? ಲಾಸ್ಯಾ ಬೇರೆ ತಂಗಿಯ ಬಾಣಂತನಕ್ಕೆಂದು ತುಮಕೂರಿಗೆ ಹೋಗಿದ್ದಳು. ಅವಳು ಬರಲಿ, ಹೋದರಾಯಿತು ಎಂದುಕೊಂಡೆ.

ಮೂರನೇ ದಿನದ ಹಾಲುತುಪ್ಪ ಮುಗಿದ ಸಂಜೆ ಫೋನು ಬಂತು. ಮರಿಯಣ್ಣ ಸರ್ ಅಕ್ಕ ಲಕ್ಕಮ್ಮ. ತಮ್ಮ ಅಳುತ್ತಿಲ್ಲ, ತಿನ್ನುತ್ತಿಲ್ಲ, ಒಂದು ಮಾತೂ ಆಡುತ್ತಿಲ್ಲ, ಹೀಗೇ ಆದರೆ ಇವನೂ ಉಳಿಯುವುದಿಲ್ಲ ಎಂದರು. ಬಂದವರೆಲ್ಲ ಪ್ರಯತ್ನಪಟ್ಟು ಸೋತಿದ್ದರಂತೆ. ಮರಿಯಣ್ಣ ಸರ್ ಸುಮ್ಮನಿದ್ದಾರೆ ಎಂದರೆ ಕೆ.ಆರ್. ಮಾರ್ಕೆಟ್ ಸುಮ್ಮನಿದೆ ಎಂದ ಹಾಗೆ. ಆಮೇಲೆ ಆಯಮ್ಮ ಹೇಳಿದ ಮಾತಿಗೆ ಫೋನು ಕೈಜಾರಬೇಕಿತ್ತು.

"ನಿಮ್ ಜೊತೆ ಬೋ ಮಾತಾಡೋನಂತಲ್ಲ. ನೀವೇ ಬಂದು ಮಾತಾಡ್ಸಿ ನಂದೀಶಪ್ಪ. ನಿಮ್ ಕೈಲಾದ್ರೆ ಆಯ್ತು, ಇಲ್ದಿದ್ರೆ ಇಲ್ಲ."

ಈ ಊರಲ್ಲಿ ಒಂದು ಕೋಟಿಗೂ ಮೇಲೆ ಜನ ಇದ್ದಾರಂತೆ. ಮಾತಾಡಿಸುವುದಕ್ಕೆ ಇವರಿಗೆ ಸಿಕ್ಕಿದವನು ನಾನು. ಲಾಸ್ಯಾಗೆ ಫೋನು ಮಾಡಿದೆ. ಅವಳು ನಗಲಿಲ್ಲ, ಅದು ಅವಳ ದೊಡ್ಡತನ. ಮೂರು ವಾಕ್ಯ ಹೇಳಿಕೊಟ್ಟು ನನ್ನಿಂದ ಒಪ್ಪಿಸಿಕೊಂಡಳು. ಧೈರ್ಯ ತಂದುಕೊಳ್ಳಿ ಸರ್. ಅಕ್ಕ ನಮಗೂ ತಾಯಿ ಥರ ಇದ್ದರು. ನಾವಿದ್ದೇವೆ ನಿಮ್ಮ ಜೊತೆ. ಮಾರನೆಯ ದಿನ ಮೆಟ್ರೋದಲ್ಲಿ ಮಂತ್ರಿ ಸ್ಕ್ವೇರ್‌ನಿಂದ ಕೆ.ಆರ್. ಮಾರ್ಕೆಟ್ಟಿನವರೆಗೆ ಅದನ್ನೇ ಜಪ ಮಾಡಿಕೊಂಡು ಹೋದೆ. ಎದುರು ಕೂತಿದ್ದ ಮುದುಕರು ನಾನು ಯಾವುದೋ ಸ್ತೋತ್ರ ಹೇಳುತ್ತಿದ್ದೇನೆಂದು ಕೈಮುಗಿದರು. ನಾನೂ ಮುಗಿದೆ.

ಜಪದ ಗುಂಗಿನಲ್ಲಿ ನಡೆದುಕೊಂಡು ಬೀದಿ ತಿರುವಿಗೆ ಬಂದದ್ದು ಗೊತ್ತಾಗಲಿಲ್ಲ. ಊರಿಗೆ ಹೋಗಿದ್ದು ಅಂದೇ ಬಂದಿದ್ದಳೋ ಏನೋ, ಸುದ್ದಿ ತಿಳಿಯದ ಗೋದಾ ನನ್ನನ್ನು ಕಂಡದ್ದೇ ಮಲ್ಲಿಗೆ ಅಳೆಯತೊಡಗಿದಳು. ಬೇಡ ಎನ್ನಬೇಕಿತ್ತು. ಬೇಡ ಎಂದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದರೆ ಅಕ್ಕ ಹೋಗಿಬಿಟ್ಟರು ಎಂದು ನಾನು ನನ್ನ ಬಾಯಿಂದ ಹೇಳಬೇಕು. ಅದನ್ನು ಅಲ್ಲಿಯತನಕ ನಾನು ಯಾರ ಹತ್ತಿರವೂ ಹೇಳಿರಲಿಲ್ಲ; ಎಲ್ಲರೂ ನನಗೆ ಹೇಳಿದ್ದರು. ನಾಲಿಗೆ ಏಳಲಿಲ್ಲ. ಅವಳು ಎರಡು ಮೊಳ ಕತ್ತರಿಸಿ, ಬಾಳೆಎಲೆಯಲ್ಲಿ ಸುತ್ತಿ, ಅಕ್ಕನಿಗೆ ಇವತ್ತು ಒಳ್ಳೇ ದಪ್ಪ ಮೊಗ್ಗು ಸಿಕ್ಕಿದೆ ಎಂದಳು. ದುಡ್ಡು ಕೊಟ್ಟು ತೆಗೆದುಕೊಂಡೆ.

ಸಾವಿನ ಮನೆಗೆ, ಸತ್ತವರ ಹೆಸರಿನಲ್ಲಿ, ಮುಡಿಯುವ ಹೂವು ತೆಗೆದುಕೊಂಡು ಹೊರಟ ಮಹಾನುಭಾವ ನಾನೊಬ್ಬನೇ ಇರಬೇಕು. ಎಲ್ಲಾದರೂ ಬಿಡೋಣವೆಂದರೆ ಹೂವು ಬೀದಿಯಲ್ಲಿ ಎಸೆಯುವ ವಸ್ತುವಲ್ಲ. ಗಣೇಶನ ಗುಡಿಯೊಂದಿತ್ತು, ಆದರೆ ಅಲ್ಲಿನ ಅರ್ಚಕರು ಯಾರ ಹೆಸರಿಗೆ, ಯಾವ ನಕ್ಷತ್ರ ಎಂದು ಜೋರಾಗಿ ಕೇಳುತ್ತಾರೆ, ಸಾಲಿನಲ್ಲಿದ್ದವರೆಲ್ಲ ಉತ್ತರಕ್ಕಾಗಿ ಕಾಯುತ್ತಾರೆ. ಹಸುವೊಂದು ನಿಂತಿತ್ತು, ಅದರ ಬಾಯಿಗೆ ಪೊಟ್ಟಣ ಹಿಡಿದೆ. ಬಾಳೆಎಲೆಯ ಅಂಚು ಕಚ್ಚಿಕೊಂಡು ಹೂವನ್ನು ನನಗೇ ಬಿಟ್ಟಿತು. ಕೊನೆಗೆ ಪೊಟ್ಟಣವನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಒಳಗೆ ಹೋದೆ. ಸಾವಿನ ಮನೆಯಲ್ಲಿ ಯಾರೂ ಬನ್ನಿ ಎನ್ನುವುದಿಲ್ಲ. ನಮ್ಮ ಸಂಪ್ರದಾಯಗಳಲ್ಲಿ ನನಗೆ ಹಿಡಿಸಿದ್ದು ಅದೊಂದೇ.

ನಡುಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಗಂಡಸರು, ಚಾಪೆಯ ಮೇಲೆ ಹೆಂಗಸರು. ಗೋಡೆಯ ಹತ್ತಿರ ಸ್ಟೂಲಿನ ಮೇಲೆ ಅಕ್ಕನ ಫೋಟೋ, ಅದಕ್ಕೆ ಹಳದಿ ಸೇವಂತಿಗೆ ಹಾರ, ಮುಂದೆ ದೀಪ. ಪಕ್ಕದ ಮನೆಯ ಚಿದಂಬರ ಅವರು, ರಿಟೈರ್ಡ್ ಲೆಕ್ಚರರ್, ಮಾತಾಡುತ್ತಿದ್ದರು. ಮುತ್ತೈದೆ ಸಾವು ಬರಬೇಕಾದರೆ ಪುಣ್ಯ ಮಾಡಿರಬೇಕು, ನರಳಲಿಲ್ಲ, ಹೊರಳಲಿಲ್ಲ, ಹೀಗೆ ಹೋಗಬೇಕು ನೋಡಿ ಎನ್ನುತ್ತಿದ್ದರು. ಹಾಗಾದರೆ ನೀವು ಯಾವಾಗ ಎಂದು ಕೇಳುವ ಆಸೆ ನನ್ನಂಥವನಿಗೂ ಆಯಿತು.

ಮರಿಯಣ್ಣ ಸರ್ ಕಿಟಕಿಯ ಕೆಳಗಿನ ಕುರ್ಚಿಯ ಮೇಲೆ ಬನಿಯನ್ನು, ಪಂಚೆಯಲ್ಲಿ ಕೂತಿದ್ದರು. ಕಣ್ಣು ನೆಲದ ಮೇಲಿತ್ತು. ಕೆನ್ನೆ ಒಳಗೆ ಹೋಗಿತ್ತು. ನನ್ನನ್ನು ನೋಡಿದರೋ ಇಲ್ಲವೋ ತಿಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ಒಂದು ಮೂಲೆ ನೋಡಿಟ್ಟುಕೊಂಡಿದ್ದೆ, ಲಕ್ಕಮ್ಮ ಬಿಡಲಿಲ್ಲ. ಒಂದು ಕುರ್ಚಿಯನ್ನು ತಂದು ತಮ್ಮನ ಮಂಡಿಗೆ ಮಂಡಿ ತಾಗುವ ಹಾಗೆ ಹಾಕಿ ನನ್ನನ್ನು ಕೂರಿಸಿ, ಎಲ್ಲ ಸ್ವಲ್ಪ ಸುಮ್ಮನಿರಿ, ನಂದೀಶಪ್ಪ ಬಂದವರೆ, ಮಾತಾಡಿಸ್ತಾರೆ ಎಂದರು. ಚಿದಂಬರ ಅವರೂ ಬಾಯಿ ಮುಚ್ಚಿದರು. ಇಡೀ ಮನೆ ನನ್ನ ತುಟಿ ನೋಡತೊಡಗಿತು.

ಲಾಸ್ಯಾ ಹೇಳಿಕೊಟ್ಟ ಮೂರು ವಾಕ್ಯಗಳಲ್ಲಿ ಒಂದೂ ಇರಲಿಲ್ಲ. ಮೆಟ್ರೋದಲ್ಲಿ ಆ ಮುದುಕರ ಜೊತೆಗೆ ಇಳಿದುಹೋಗಿದ್ದವೋ ಏನೋ. ತಡಕಾಡಿ ತಡಕಾಡಿ ಬಾಯಿಗೆ ಸಿಕ್ಕಿದ್ದನ್ನು ಹೇಳಿದೆ.

"ಊಟ ಆಯ್ತಾ ಸರ್?"

ನಾಲ್ಕು ದಿನದಿಂದ ಅನ್ನ ಮುಟ್ಟದ ಮನುಷ್ಯನನ್ನು ಕೇಳುವ ಮಾತೇ ಅದು? ಚಾಪೆಯ ಮೇಲೆ ಯಾರೋ ತ್ಚು ಎಂದರು. ಮರಿಯಣ್ಣ ಸರ್ ಅಲುಗಲಿಲ್ಲ. ನನ್ನ ಕಿವಿ ಬಿಸಿಯಾಯಿತು, ಬೆವರು ಇಳಿಯಿತು, ಅದರ ಕಾವಿಗೆ ಜೇಬಿನೊಳಗಿನ ದಪ್ಪ ಮೊಗ್ಗುಗಳು ಅರಳಿಕೊಂಡಿರಬೇಕು. ಘಮ್ಮೆಂದು ಮಲ್ಲಿಗೆಯ ವಾಸನೆ ಎದ್ದಿತು.

ಮೊದಲು ಮೂಗು ಅರಳಿಸಿದವರು ಲಕ್ಕಮ್ಮ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಸೂತಕದ ಮನೆಗೆ ಯಾರಮ್ಮ ಮಲ್ಲಿಗೆ ಮುಡಿದುಕೊಂಡು ಬಂದಿರೋದು ಎಂದು ಲಕ್ಕಮ್ಮ ಕೇಳಿದರು. ಹೆಂಗಸರು ತಮ್ಮ ತಮ್ಮ ಜಡೆ ಮುಟ್ಟಿ ನೋಡಿಕೊಂಡರು. ಬಾಗಿಲ ಹತ್ತಿರ ಕೂತಿದ್ದ, ಆ ಬೀದಿಗೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳ ಕಡೆಗೆ ಎಲ್ಲರ ಕಣ್ಣು ತಿರುಗಿತು. ಈಗಿನ ಕಾಲದವರಿಗೆ ಎಲ್ಲಿಗೆ ಹೇಗೆ ಬರಬೇಕೆಂದೇ ಗೊತ್ತಿಲ್ಲ ಎಂದು ಚಿದಂಬರ ಅವರು ಶುರುಮಾಡಿದರು. ಆ ಹುಡುಗಿ ನಾನಲ್ಲ ಎನ್ನಲು ಬಾಯಿ ತೆರೆದಳು, ಮಾತು ಬರಲಿಲ್ಲ. ಮುಖ ಕೆಂಪಾಗಿ ಕಣ್ಣಲ್ಲಿ ನೀರು ತುಂಬಿತು. ಆ ಮುಖ ನನಗೆ ಗೊತ್ತು. ದಿನಾ ಕನ್ನಡಿಯಲ್ಲಿ ನೋಡುವ ಮುಖ ಅದು.

ಸುಮ್ಮನಿದ್ದರೆ ಸುಮ್ಮನಿರಬಹುದಿತ್ತು. ನನ್ನ ಜೇಬು ಹುಡುಕುವವರು ಯಾರೂ ಇರಲಿಲ್ಲ. ಆದರೆ ಸಂಕೋಚದವನ ಪಾಡು ಇನ್ನೊಬ್ಬ ಸಂಕೋಚದವನಿಗಲ್ಲದೆ ಯಾರಿಗೆ ಗೊತ್ತಾಗಬೇಕು? ಎದ್ದು ನಿಂತೆ. ಜೇಬಿಗೆ ಕೈ ಹಾಕಿ ಎಳೆದೆ. ಬಾಳೆಎಲೆ ಒಳಗೇ ಉಳಿದು ಹೂವು ಮಾತ್ರ ಬಂತು. ನಜ್ಜುಗುಜ್ಜಾದ ಎರಡು ಮೊಳ ಮಲ್ಲಿಗೆ, ತುದಿಗೆ ನನ್ನ ಮೆಟ್ರೋ ಕಾರ್ಡು ಸಿಕ್ಕಿಕೊಂಡಿತ್ತು. ಕಾರ್ಡು ಟಪ್ಪೆಂದು ದೀಪದ ಹತ್ತಿರ ಬಿತ್ತು.

"ನಾನು ತಂದಿದ್ದು," ಎಂದೆ. "ಅಕ್ಕಂಗೆ."

ಚಿದಂಬರ ಅವರು, ಸರ್ಕಾರಿ ನೌಕರಿಯಲ್ಲಿ ಇದ್ದೀರಿ, ಅಷ್ಟೂ ತಿಳಿಯಬೇಡವೇನ್ರೀ ಎಂದರು. ಲಕ್ಕಮ್ಮ ತಲೆ ಚಚ್ಚಿಕೊಂಡರು. ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಈ ಮನೆಯ ಬಾಗಿಲು ಇವತ್ತಿಗೆ ನನ್ನ ಪಾಲಿಗೆ ಮುಚ್ಚಿತು, ಇನ್ನು ಈ ಊರಲ್ಲಿ ನನಗೆ ಹೋಗಿ ಕೂರುವುದಕ್ಕೆ ಜಾಗವಿಲ್ಲ ಎಂದುಕೊಂಡಾಗ, ಪಕ್ಕದಲ್ಲಿ ಏನೋ ಸದ್ದಾಯಿತು. ಕೆಮ್ಮು ಎಂದುಕೊಂಡೆ. ಕೆಮ್ಮಲ್ಲ. ಮರಿಯಣ್ಣ ಸರ್ ನಗುತ್ತಿದ್ದರು.

ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಕುರ್ಚಿಯೇ ಅಲುಗಿತು. ಬುದ್ಧಿ ಕೆಟ್ಟಿತಪ್ಪೋ ಎಂದು ಲಕ್ಕಮ್ಮ ಓಡಿಬಂದರು. ಮರಿಯಣ್ಣ ಸರ್ ಕೈಯೆತ್ತಿ ಆಕೆಯನ್ನು ತಡೆದು ನನ್ನ ಕಡೆ ನೋಡಿದರು.

"ಅವಳಿಗೆ ಮಲ್ಲಿಗೆ ಆಗ್ತಿರ್ಲಿಲ್ಲ ಕಣೋ ನಂದೀಶ."

ನನಗೆ ಅರ್ಥವಾಗಲಿಲ್ಲ.

"ತಲೆನೋವು ಬರೋದು. ಹುಡುಗಿಯಾಗಿದ್ದಾಗ್ಲಿಂದಾನೂ. ನಮ್ ಮದುವೇಲೂ ಕನಕಾಂಬರನೇ ಮುಡಿದಿದ್ದು. ನೀನ್ ತಂದ್ಕೊಟ್ಟಾಗೆಲ್ಲ ಮುಡ್ಕೊಳ್ಳೋಳು, ನೀನ್ ಗೇಟ್ ದಾಟಿದ್ ತಕ್ಷಣ ಕಿತ್ತಾಕಿ, ತಲೆಗೆ ಬಟ್ಟೆ ಕಟ್ಕೊಂಡು ಮಲ್ಕೊಂಬಿಡೋಳು. ಹೇಳ್ಬಿಡೇ ಅವನಿಗೆ ಅಂತ ಎಷ್ಟ್ ಸಲ ಬೈದಿದೀನಿ. ಏನಂತಿದ್ಲು ಗೊತ್ತಾ? ಬೇಡ ಅಂದ್ರೆ ಆ ಹುಡುಗ ಬಾಗ್ಲಲ್ಲಿ ಏನ್ ಮಾಡ್ತಾನೆ ಪಾಪ, ಮುಂದಿನ್ ಸಲ ಬರೋದೇ ಇಲ್ಲ ಅನ್ನೋಳು."

ಹಣೆ ಒತ್ತಿಕೊಳ್ಳುತ್ತಾ ಏಳುತ್ತಿದ್ದದ್ದು, ಕಿಟಕಿ ತೆಗೆಯುತ್ತಿದ್ದದ್ದು ಎಲ್ಲ ಕಣ್ಣ ಮುಂದೆ ಬಂತು. ಅಷ್ಟು ಶನಿವಾರ. ನನ್ನ ಮುಜುಗರ ತಪ್ಪಿಸಿಕೊಳ್ಳಲು ನಾನು ಆ ಪುಣ್ಯಾತ್ಗಿತ್ತಿಗೆ ತಪ್ಪದೆ ತಲೆನೋವು ತಂದುಕೊಟ್ಟಿದ್ದೆ, ಆಕೆ ಮುಖ ಅರಳಿಸಿ ತೆಗೆದುಕೊಂಡಿದ್ದರು. ಬೇಡ ಎನ್ನಲು ನಾಲಿಗೆ ಏಳದವನು ಲೋಕದಲ್ಲಿ ನಾನೊಬ್ಬನೇ ಎಂಬ ಜಂಬ ನನಗಿತ್ತು. ನನ್ನನ್ನು ಮೀರಿಸಿದವರು ಆ ಮನೆಯಲ್ಲೇ ಇದ್ದರು, ನಾನು ಕಾಫಿ ಕುಡಿದು ಬಂದಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಕ್ಕ ಬೇಕೆನಿಸಿತು. ಅಷ್ಟು ಜನರ ಮುಂದೆ ನಿಂತು ಅತ್ತುಬಿಟ್ಟೆ. ಸಂಕೋಚವಾಗಲಿಲ್ಲವೇ ಎಂದರೆ ಆಯಿತು, ಆದರೂ ಅತ್ತೆ.

ಮರಿಯಣ್ಣ ಸರ್ ನಗುತ್ತಾ ನಗುತ್ತಾ ಅಳುತ್ತಿದ್ದರು. ನನ್ನ ಕೈಯಿಂದ ಹೂವು ತೆಗೆದುಕೊಂಡು, ಫೋಟೋದ ಕಡೆ ಒಮ್ಮೆ ನೋಡಿ, ಎದ್ದು ಹೋಗಿ ಬಾಗಿಲ ಹತ್ತಿರದ ಆ ಹುಡುಗಿಯ ಕೈಗೆ ಕೊಟ್ಟರು. ತಪ್ಪು ತಿಳ್ಕೋಬೇಡ ಕಣವ್ವ, ಮನೆಗೆ ಹೋಗಿ ಮುಡ್ಕೋ, ನಮ್ಮೋಳಿಗೆ ಇದು ಆಗಲ್ಲ ಎಂದರು. ಅವಳು ಬೇಡ ಎನ್ನಲಿಲ್ಲ. ಅವಳಿಗೆ ಮಲ್ಲಿಗೆ ಆಗುತ್ತದೋ ಇಲ್ಲವೋ ಭಗವಂತನಿಗೇ ಗೊತ್ತು.

ಆಮೇಲೆ ಅವರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅಂಜಿನಮ್ಮನನ್ನು ನೋಡಲು ಹೋದಾಗ ಆಕೆ ಬಾಗಿಲ ಹಿಂದಿನಿಂದ ಹೊರಗೇ ಬರದಿದ್ದದ್ದು, ಮದುವೆಯಾಗಿ ತಿಂಗಳವರೆಗೆ ತಮ್ಮನ್ನು ನೋಡ್ರೀ ಎಂದೂ ಕರೆಯದೆ ಲೋಟ ಕುಟ್ಟಿ ಕರೆಯುತ್ತಿದ್ದದ್ದು, ಎಲ್ಲವನ್ನೂ ಹೇಳಿದರು. ನಡುವೆ ಲಕ್ಕಮ್ಮ ತಟ್ಟೆಯಲ್ಲಿ ಮೊಸರನ್ನ ತಂದು ಕೈಗೆ ಕೊಟ್ಟರೆ, ಮಾತಿನ ಭರದಲ್ಲಿ ಅದನ್ನೂ ತಿಂದರು. ಲಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನಗೆ ಕೈಮುಗಿದರು. ನಾನೇನು ಮಾತಾಡಿಸಿದೆನೆಂದು ಮುಗಿದರೋ, ಲೆಕ್ಕ ಹಾಕಿದರೆ ನಾನು ಆಡಿದ್ದು ಊಟದ ಮಾತೂ ಸೇರಿ ಎರಡೇ.

ಕತ್ತಲಾಗುವ ಮುಂಚೆ ಬಂದವರು ಒಬ್ಬೊಬ್ಬರೇ ಎದ್ದು, ಹೇಳದೆ ಕೇಳದೆ, ಪದ್ಧತಿಯಂತೆ ಹೊರಟರು. ಚಿದಂಬರ ಅವರೂ ಹೋದರು. ನಾನೂ ಚಪ್ಪಲಿಯ ಕಡೆಗೆ ಸರಿಯುತ್ತಿದ್ದೆ. ಮರಿಯಣ್ಣ ಸರ್ ಮಾತು ನಿಲ್ಲಿಸಿ ನನ್ನ ತೋಳು ಹಿಡಿದರು. ದನಿ ತಗ್ಗಿಸಿದರು. ಅವರು ದನಿ ತಗ್ಗಿಸಿದ್ದನ್ನು ನಾನು ಅಲ್ಲಿಯತನಕ ಕೇಳಿರಲಿಲ್ಲ.

"ತಿಥಿ ಮುಗುದ್ರೆ ನಮ್ಮಕ್ಕಾನೂ ಹೊರಡ್ತಾಳೆ. ಆಮೇಲೆ ಮನೇಲಿ ಯಾರೂ ಮಾತಾಡಲ್ಲ. ನಂಗೆ ಸುಮ್ನಿರೋಕೆ ಬರಲ್ಲ ನಂದೀಶ, ಭಯ ಆಗುತ್ತೆ. ನಿಂಗ್ ಬರುತ್ತೆ. ಹೆಂಗಿರೋದು ಅಂತ ಸ್ವಲ್ಪ ಹೇಳ್ಕೊಡೋ."

ಮಾತಾಡುವುದನ್ನು ಕಲಿ ಎಂದು ಇಷ್ಟು ವರ್ಷ ಎಷ್ಟೋ ಜನ ಹೇಳಿದ್ದರು. ನನ್ನ ಹತ್ತಿರ ಕಲಿಯುವುದಕ್ಕೆ ಏನಾದರೂ ಇದೆ ಎಂದವರು ಇವರೊಬ್ಬರೇ. ನಾವಿದ್ದೇವೆ ನಿಮ್ಮ ಜೊತೆ ಎಂಬ ಲಾಸ್ಯಾಳ ಮೂರನೇ ವಾಕ್ಯ ಆಗ ತಾನಾಗಿ ನೆನಪಿಗೆ ಬಂತು, ಹೇಳಬಹುದಿತ್ತು. ಹೇಳಲಿಲ್ಲ. ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡು ಕೂತೆ. ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಅವರ ಕೈಯ ಮೇಲೆ ಕೈಯಿಟ್ಟೆ. ಅವರು ಬಾಯಿ ಮುಚ್ಚಿದರು.